ಇಪ್ಪತ್ತೆರಡು ಸಾವಿರದಲ್ಲಿ ಒಂದು

ಬೆಳಗ್ಗೆ ಗ್ರಾಹಕರೊಬ್ಬರ ದೂರು ಪರೀಕ್ಷಕರ ಇಮೇಲ್‌ಪೆಟ್ಟಿಗೆಯ ಬಾಗಿಲವರೆಗೆ ಬಂದು ವಾಪಸು ಹೋಯಿತು. ಒಳಗೆ ಜಾಗವಿರಲಿಲ್ಲ. ಹತ್ತು ಗಂಟೆಗೆ ಮ್ಯಾನೇಜರ್ ಪರೀಕ್ಷಕರನ್ನು ಕರೆಸಿ, ಸಂಜೆಯೊಳಗೆ ಪೆಟ್ಟಿಗೆ ಖಾಲಿಯಾಗದಿದ್ದರೆ ನಿಮ್ಮ ಮೇಜೂ ಖಾಲಿಯಾಗುತ್ತದೆ ಎಂದರು. ನಗುತ್ತಲೇ ಅಂದರು. ಪರೀಕ್ಷಕರಿಗೆ ನಗು ಬರಲಿಲ್ಲ.

ಗಾಜಿನ ಶೀಶೆ ಮಾಡುವ ಆ ಕಾರ್ಖಾನೆಯಲ್ಲಿ ಅವರದು ಇಪ್ಪತ್ತು ವರ್ಷದ ಕೆಲಸ. ಶೀಶೆಯನ್ನು ಬೆಳಕಿಗೆ ಹಿಡಿದು ಸಾಸಿವೆಯಷ್ಟು ಗುಳ್ಳೆಯನ್ನೂ ಪತ್ತೆಹಚ್ಚುವವರು. ಅವರ ಕಣ್ಣು ತಪ್ಪಿಸಿ ಏನೂ ಹೋಗದು ಎಂದು ಎಲ್ಲರೂ ಹೇಳುತ್ತಿದ್ದರು, ಅವರೂ ಹೇಳಿಕೊಳ್ಳುತ್ತಿದ್ದರು. ಆದರೆ ಮೇಲ್ ಎಂದರೆ ಮಾತ್ರ ಅವರಿಗೆ ಆಗದು. ಬೇಕಾದ್ದನ್ನು ಓದುವರು, ಉಳಿದದ್ದನ್ನು ಬಿದ್ದಲ್ಲೇ ಬಿಡುವರು. ಹಾಗೆ ಬಿದ್ದುಕೊಂಡವು ಇಪ್ಪತ್ತೆರಡು ಸಾವಿರ.

ಕಂಪ್ಯೂಟರ್ ವಿಭಾಗದ ಮೇಡಂ ಬಂದು ಪಕ್ಕದಲ್ಲಿ ಕುಳಿತು ದಾರಿ ತೋರಿಸಿದರು. ಏನನ್ನೂ ಅಳಿಸಬೇಕಿಲ್ಲ. ಪೆಟ್ಟಿಗೆಯ ಹೊರಗೆ ವರ್ಷಕ್ಕೊಂದು ಕಡತ ಮಾಡಿ ಹಳೆಯದನ್ನೆಲ್ಲ ಅದರೊಳಗೆ ಸರಿಸಿದರೆ ಸಾಕು.

"ಅಟ್ಟಕ್ಕೆ ಹಾಕಿದ ಹಾಗೆ, ಸರ್. ಮನೇಲಿ ಜಾಗ ಆಗತ್ತೆ, ಸಾಮಾನೂ ಎಲ್ಲೂ ಹೋಗಲ್ಲ. ಆದ್ರೆ ಓದ್ತಾ ಕೂತ್ಕೋಬೇಡಿ."

ಪರೀಕ್ಷಕರು ಓದುತ್ತಾ ಕೂತರು. ಇತ್ತೀಚಿನ ವರ್ಷಗಳಿಂದ ಹಿಂದೆ ಹಿಂದೆ ಸರಿಯುತ್ತ, ಮಧ್ಯಾಹ್ನ ಮೂರರ ಹೊತ್ತಿಗೆ ಹದಿನೆಂಟು ವರ್ಷದ ಹಿಂದಿನ ಒಂದು ತಿಂಗಳಿಗೆ ಬಂದು ಮುಟ್ಟಿದರು. ಕ್ಯಾಂಟೀನಿನ ಕುರ್ಚಿಯೊಂದು ಕಾಣೆಯಾಗಿದ್ದ ತಿಂಗಳು. ಯಾರು ಒಯ್ದಿರಿ ಎಂದು ಒಬ್ಬರು ಎಲ್ಲರಿಗೂ ಮೇಲ್ ಹಾಕಿದ್ದರು. ನಾನಲ್ಲ ಎಂದು ಮುನ್ನೂರ ಹನ್ನೆರಡು ಮಂದಿ ಎಲ್ಲರಿಗೂ ಉತ್ತರ ಕೊಟ್ಟಿದ್ದರು. ಪರೀಕ್ಷಕರು ಆಗ ಬೇಸತ್ತು ಒಂದನ್ನೂ ತೆರೆದಿರಲಿಲ್ಲ.

ಆ ರಾಶಿಯ ನಡುವೆ ಒಂದು ಬೇರೆ ಹೆಸರಿತ್ತು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಹೆಂಡತಿಯ ಹೆಸರು. ದಿನಾಂಕ, ಮದುವೆಗೆ ಹನ್ನೊಂದು ದಿನ ಮುಂಚಿನದು.

ತೆರೆದರು. ಯಾವುದೋ ಚೌಕ ಎದ್ದು ಏನೋ ಕೇಳಿತು. ಬೆಳಗಿನಿಂದ ಅಂಥವು ನೂರು ಎದ್ದಿದ್ದವು. ಹೌದು ಎಂದು ಒತ್ತಿದರು.

"ಈ ಮದುವೆ ನನಗೆ ಬೇಡ. ನಿಮ್ಮ ಮೇಲೆ ಕೋಪವೇನಿಲ್ಲ. ನಾನಿನ್ನೂ ಓದಬೇಕು. ನನಗೆ ಅಡುಗೆ ಬರುವುದಿಲ್ಲ, ಸಿಟ್ಟು ಬೇಗ ಬರುತ್ತದೆ, ಎಂಟಕ್ಕೆ ಮುಂಚೆ ಏಳುವುದಿಲ್ಲ. ಅಪ್ಪನ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ, ನೀವೇ ಒಲ್ಲೆ ಎಂದುಬಿಡಿ. ಇಷ್ಟು ಓದಿಯೂ ಒಪ್ಪಿದರೆ, ನೀವು ಹಟಮಾರಿಯೋ ದೊಡ್ಡ ಮನಸ್ಸಿನವರೋ, ಆಮೇಲೆ ನೋಡಿಕೊಳ್ಳುತ್ತೇನೆ."

ಪರೀಕ್ಷಕರು ಇನ್ನೊಮ್ಮೆ ಓದಿದರು. ಮದುವೆಯ ಮರುದಿನ ಆಕೆ ಒಂಬತ್ತಕ್ಕೆ ಎದ್ದಿದ್ದಳು. ದಣಿದಿರಬೇಕೆಂದು ಇವರೇ ಚಹಾ ಮಾಡಿಕೊಟ್ಟಿದ್ದರು. ಆಕೆ ಲೋಟ ಹಿಡಿದುಕೊಂಡು ಇವರನ್ನೇ ಬಹಳ ಹೊತ್ತು ನೋಡಿದ್ದಳು. ಎರಡನೆಯ ತಿಂಗಳು, ಮನೆಯಲ್ಲಿ ಕೂತು ಏನು ಮಾಡುತ್ತೀ, ಕಾಲೇಜಿಗೆ ಸೇರು ಎಂದಾಗ ಅತ್ತುಬಿಟ್ಟಿದ್ದಳು. ಓದಿಗೆ ಇಷ್ಟೊಂದು ಹೆದರುವವಳೇ ಎಂದು ಇವರಿಗೆ ಪಾಪ ಅನ್ನಿಸಿತ್ತು. ಈಗ ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ತನ್ನ ಅಕ್ಕನಿಗೆ ಆಗಾಗ ಹೇಳುವುದುಂಟು: ಎಲ್ಲಾ ಗೊತ್ತಿದ್ದೂ ನನ್ನನ್ನು ಕಟ್ಟಿಕೊಂಡ ಮನುಷ್ಯ, ಇವರ ಮನಸ್ಸು ದೊಡ್ಡದು. ಪರೀಕ್ಷಕರು ಅದನ್ನು ಕೇಳಿ ಮೀಸೆ ತಿರುವಿಕೊಳ್ಳುತ್ತಿದ್ದರೇ ಹೊರತು, ಏನು ಗೊತ್ತಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹದಿನೆಂಟು ವರ್ಷದ ಮರ್ಯಾದೆ ಒಂದು ಕಾಣೆಯಾದ ಕುರ್ಚಿಯ ಮೇಲೆ ಕೂತಿತ್ತು.

ಮೇಲನ್ನು ಆ ವರ್ಷದ ಕಡತಕ್ಕೆ ತಳ್ಳಿದರು. ಮುನ್ನೂರ ಹನ್ನೆರಡು ಉತ್ತರಗಳನ್ನು ಅದರ ಮೇಲೆ ಹೊದಿಸಿದರು. ಐದೂವರೆಗೆ ಮೇಲ್‌ಪೆಟ್ಟಿಗೆ ಬಣಬಣ ಅನ್ನುತ್ತಿತ್ತು. ಮ್ಯಾನೇಜರ್ ಬೆನ್ನು ತಟ್ಟಿದರು.

ಮನೆಯಲ್ಲಿ ಹೆಂಡತಿ ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ತಿದ್ದುತ್ತಿದ್ದಳು. ಇಂದು ಆಕೆಯೇ ಎದ್ದು ಚಹಾ ಮಾಡಿ ತಂದಳು. ಎದುರು ಕುರ್ಚಿಯಲ್ಲಿ ಕೂರಿಸಿದಳು.

"ರೀ, ಒಂದು ಮಾತು ಕೇಳ್ಲಾ? ಮದುವೆಗೆ ಮುಂಚೆ ನಾನೊಂದು ಮೇಲ್ ಹಾಕಿದ್ದೆ. ಇಷ್ಟು ವರ್ಷ ಆದ್ರೂ ನಾವು ಅದರ ಮಾತೇ ಎತ್ತಿಲ್ಲ. ಓದಿದಾಗ ನಿಮಗೆ ಏನನ್ನಿಸ್ತು?"

ನಿನ್ನೆ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ ಎಂದು ಪರೀಕ್ಷಕರು ಒಳಗೊಳಗೇ ನಿಟ್ಟುಸಿರು ಬಿಟ್ಟರು. ಆಮೇಲೆ ನಾಲಿಗೆ ತಾನಾಗಿ ಓಡಿತು. ಓದಿ ಎದೆ ಝಲ್ಲೆಂದಿತ್ತು, ಎರಡು ದಿನ ಊಟ ಸೇರಿರಲಿಲ್ಲ, ಇಷ್ಟು ನೇರವಾಗಿ ಬರೆಯುವ ಹುಡುಗಿ ಬೇರೆಲ್ಲೂ ಸಿಗಳು ಎಂದು ಕೊನೆಗೆ ತೀರ್ಮಾನಿಸಿದ್ದೆ ಎಂದರು. ಎಂಟಕ್ಕೆ ಮುಂಚೆ ಏಳುವುದಿಲ್ಲ ಎಂಬ ಸಾಲನ್ನು ಅಕ್ಷರ ಬಿಡದೆ ಒಪ್ಪಿಸಿದರು.

"ಅಷ್ಟು ನೆನಪಿದ್ಯಾ?"

"ಇವತ್ತು ತಾನೇ ಓದಿದ ಹಾಗಿದೆ."

ಆಕೆ ತುಟಿ ಕಚ್ಚಿಕೊಂಡಳು. ಭಾವುಕಳಾಗಿದ್ದಾಳೆ ಎಂದು ಪರೀಕ್ಷಕರು ಇನ್ನಷ್ಟು ಉಬ್ಬಿದರು.

"ಬಂದ ದಿನಾನೇ ಓದಿದ್ರಾ?"

"ಬಂದು ಐದು ನಿಮಿಷ ಆಗಿರಬಹುದು, ಅಷ್ಟೆ. ನನ್ನ ಕಣ್ಣು ತಪ್ಪಿಸಿ ಏನು ಹೋಗತ್ತೆ ಹೇಳು?"

ಆಕೆ ಕೆಂಪು ಪೆನ್ನನ್ನು ಕೆಳಗಿಟ್ಟು, ಉತ್ತರಪತ್ರಿಕೆಗಳ ಅಡಿಯಿಂದ ತನ್ನ ಫೋನನ್ನು ಎಳೆದು ಅವರ ಮುಂದೆ ಹಿಡಿದಳು.

"ನೀವು ಕಳುಹಿಸಿದ ಮೇಲ್ ಅನ್ನು ಓದಲಾಗಿದೆ: ಇಂದು, ಮಧ್ಯಾಹ್ನ 3.12."