ಎಂಜಿನ್ನಿನ ಬಾಯಿಗೆ ಹಸಿರು ಖಣ

ಎಂಜಿನ್ ಮತ್ತೆ ಕೆಮ್ಮಿತು. ಉಗುಳಿದ್ದು ಎಂಥ ಕರಿ ಹೊಗೆ ಅಂತೀರಿ! ವಾಡಿ ಜಂಕ್ಷನ್ನಿನ ಹಳೆಯ ಉಗಿಬಂಡಿಗಳೆಲ್ಲ ಸಾಲಾಗಿ ನಿಂತು ಒಟ್ಟಿಗೆ ಉಗುಳಿದ್ದರೂ ಅಷ್ಟಾಗುತ್ತಿರಲಿಲ್ಲ. ಸನ್ನತಿಯಲ್ಲಿ ಭೀಮೆಯ ದಂಡೆಗೆ ಕಟ್ಟಿದ ದೋಣಿಯಲ್ಲಿ ಸಿರಾಜುದ್ದೀನ ಮಿಸ್ತ್ರಿ ಮೊಣಕಾಲೂರಿ ಕೂತಿದ್ದ. ಶಹಾಬಾದದ ಕಲ್ಲು ಕೊಯ್ಯುವ ಯಂತ್ರಗಳಿಗೆಲ್ಲ ಅವನೇ ವೈದ್ಯ. ಅವನು ನಟ್ಟು ತಿರುಗಿಸುವ ಪಾನಾ ಎತ್ತಿದರೆ ಸಾಕು, ಚಿಂಚೋಳಿಯ ತನಕ ಕೆಟ್ಟು ನಿಂತ ಎಂಜಿನ್ನುಗಳು ಹೆದರಿ ತಾವಾಗಿಯೇ ಚಾಲೂ ಆಗುತ್ತವೆ. ಇದು ಸುಳ್ಳೇನಲ್ಲ, ಅವನ ಬಾಯಿಂದಲೇ ಬಂದ ಮಾತು.

ದಂಡೆಯ ಮೇಲೆ ಒಲೆ ಹೊತ್ತಿಸಿ ಕೂತ ದ್ರೌಪದಿಯ ಎದೆ ಮಾತ್ರ ಎಂಜಿನ್ನಿಗಿಂತ ಜೋರಾಗಿ ಬಡಿಯುತ್ತಿತ್ತು. ರೋಗ ಏನೆಂದು ಅವಳಿಗೆ ಗೊತ್ತಿತ್ತು. ಗಾಳಿ ಎಳೆಯುವ ಕೊಳವೆಯೊಳಗೆ ಕುಪ್ಪಸ ಹೊಲಿಸುವ ಹಸಿರು ಖಣ ತುರುಕಿದವಳು ಅವಳೇ.

ಮಾಡಬಾರದ್ದು ಮಾಡಿದ್ದಳು, ಹೌದು. ಆದರೆ ಅವಳ ಗಂಡ ಧರ್ಮಣ್ಣ ಹಾಯಿ ಕಟ್ಟಿ ಇದೇ ದೋಣಿ ನಡೆಸುತ್ತಿದ್ದಾಗ ಹಾಡುತ್ತಿದ್ದುದನ್ನು ನೀವು ಕೇಳಿಲ್ಲ. ಸಂಜೆ ಕೊನೆಯ ಸಲ ದಾಟಿ ಬರುವಾಗ ನಡುಹೊಳೆಯಲ್ಲಿ ಅವನು ತತ್ವಪದ ಎತ್ತಿಕೊಂಡರೆ ಭೀಮೆಯ ಮೀನುಗಳು ತಲೆ ಹೊರಹಾಕಿ ತಾಳ ಹಾಕುತ್ತಿದ್ದವು, ಅಷ್ಟು ದೂರದ ಸೇಡಂನ ಹೊಲಗಳಲ್ಲಿ ತೊಗರಿ ಎಂಟು ದಿನ ಮುಂಚಿತವಾಗಿ ಹೂ ಬಿಡುತ್ತಿತ್ತು. ಅವರ ಮನೆಗೆ ಆ ಹಾಡೇ ಗಡಿಯಾರ. ಎರಡನೆಯ ನುಡಿಗೆ ದ್ರೌಪದಿಯ ಕೈ ಹಿಟ್ಟಿಗೆ ಹೋಗಬೇಕು, ಕೊನೆಯ ನುಡಿಗೆ ರೊಟ್ಟಿ ತವೆಯ ಮೇಲೆ ಉಬ್ಬಬೇಕು. ಮನೆಯೊಳಗೆ ಧರ್ಮಣ್ಣನ ಗಂಟಲಿಗೆ ಶಹಾಬಾದದ ಹಾಸುಗಲ್ಲೇ ಅಡ್ಡ. ಹೆಂಡತಿಗೆ ಹೇಳುವುದನ್ನೆಲ್ಲ ನೀರಿನ ಮೇಲಿಂದಲೇ ಹೇಳಿ ಮುಗಿಸುತ್ತಿದ್ದ. ಎಂಜಿನ್ ಬಂತು. ಹಾಯಿ ಸುತ್ತಿಕೊಂಡು ದೋಣಿಯ ಮೂಲೆ ಸೇರಿತು, ಹಾಡೂ ಅದರೊಳಗೇ ಸುತ್ತಿಕೊಂಡಿತು.

'ಹಾಡ್ರಿ' ಎಂದು ಕಟ್ಟಿಕೊಂಡ ಗಂಡನಿಗೆ ಯಾವ ಬಾಯಿಂದ ಹೇಳುವುದು? ದಸರೆಯಲ್ಲಿ ಎಂಜಿನ್ನಿಗೆ ಉಡಿ ತುಂಬಿದ ಖಣವನ್ನೇ ಒಂದು ದಿನ ಅದರ ಬಾಯಿಗೆ ತುರುಕಿದಳು. ಎಂಜಿನ್ ಸತ್ತರೆ ಹಾಯಿ ಏಳುತ್ತದೆ ಎಂಬುದು ಅವಳ ಲೆಕ್ಕ. ಹಾಳಾದ್ದು ಸಾಯಲಿಲ್ಲ, ಕುಂಟಿತು. ಧರ್ಮಣ್ಣ ಹಾಡಲಿಲ್ಲ, ಬೈದ. ಬೈದು ಮಿಸ್ತ್ರಿಯನ್ನು ಕರೆಸಿದ.

"ಡೀಸೆಲ್‌ದಾಗ ನೀರ ಕೂಡ್ಯಾದ," ಎಂದು ಮಿಸ್ತ್ರಿ ಫಿಲ್ಟರ್ ಬಿಚ್ಚಿದ. ನೀರಿರಲಿಲ್ಲ. "ಹಂಗಾದ್ರ ಕೆಳಗ ಪಂಖಾಕ್ಕ ಬಳ್ಳಿ ಸುತ್ತ್ಯಾದ," ಎಂದು ಧರ್ಮಣ್ಣನನ್ನು ಹೊಳೆಗಿಳಿಸಿದ. ಬಳ್ಳಿಯೂ ಇರಲಿಲ್ಲ.

"ಮಿಸ್ತ್ರಿ, ಎಂಜಿನ್ ನೋಡಾಕ ಬಂದೀಯೋ, ನನ್ನ ಮುಳುಗ್ಸಾಕ ಬಂದೀಯೋ?" ಧರ್ಮಣ್ಣ ತಲೆ ಒರೆಸಿಕೊಂಡ.

"ತಡಿಯಪಾ! ಕರಿ ಹೊಗಿ ನೋಡು. ಹೊಟ್ಟಿಗಿ ಡೀಸೆಲ್ ಭಾಳ ಸಿಗಲಿಕತ್ತದ, ಉಸುರಿಗಿ ಗಾಳೀನೇ ಇಲ್ಲ."

ದ್ರೌಪದಿ ದಡಬಡಿಸಿ ಎದ್ದಳು. "ಅಣ್ಣಾ, ಚಾ ಆಗ್ಯಾದ, ಮೊದಲ ಬರ್ರಿ. ಅದು ಮುದಿ ಎಂಜಿನ್, ಅದರ ಹಣೇಬಾರ ಇಷ್ಟೇ."

"ಚಾ ಎಲ್ಲಿಗಿ ಓಡ್ತದ ತಂಗಿ?" ಎಂದು ಮಿಸ್ತ್ರಿ ಕೊಳವೆ ಬಿಚ್ಚಿ ಬೆರಳು ಹಾಕಿದ.

ಎಣ್ಣೆ, ಧೂಳು ಕುಡಿದ ಖಣ ಹೊರಬಂತು. ಎಳೆದಷ್ಟೂ ಬಂತು. ಹಾಸಿದ್ದರೆ ಚಿತ್ತಾಪುರ ಮುಟ್ಟುತ್ತಿತ್ತು ಎಂದು ಮಿಸ್ತ್ರಿ ಇವತ್ತಿಗೂ ಹೇಳುತ್ತಾನೆ.

"ಯಾ ಅಲ್ಲಾ! ಇದನ್ನ ಯಾರ್ ತುರುಕ್ಯಾರೋ?"

ಧರ್ಮಣ್ಣ ಖಣದ ಕೆಂಪು ಅಂಚನ್ನು ನೋಡಿದ. ದಂಡೆಯ ಮೇಲೆ ಅದೇ ಅಂಚಿನ ಕುಪ್ಪಸ ತೊಟ್ಟು ನಿಂತವಳನ್ನು ನೋಡಿದ. ಅವಳು ಒಲೆಯ ಕಡೆ ತಿರುಗಿಬಿಟ್ಟಳು.

"ಇಲಿ ಇರಬೇಕು," ಎಂದ ಧರ್ಮಣ್ಣ.

"ಹೊಳ್ಯಾಗ ಇಲಿ? ಅದೂ ಉಡಿ ತುಂಬೋ ಇಲಿ?"

"ನಮ್ಮ ಕಡಿ ಇಲಿ ಹಂಗೇ ಇರ್ತಾವ. ನೀ ಚಾಲೂ ಮಾಡು."

ಎಂಜಿನ್ ಗುಡುಗಿದ ಸದ್ದಿಗೆ ಆಚೆ ದಂಡೆಯ ಎಮ್ಮೆಗಳು ಹಾಲು ಇಳಿಸುವುದನ್ನೇ ಮರೆತವು. ಅಲ್ಲಿ ಕಾಯುತ್ತಿದ್ದ ಮಂದಿಯನ್ನು ತರಲು ಧರ್ಮಣ್ಣ ಬಾಣದಂತೆ ಹೋದ. ಮಿಸ್ತ್ರಿ ಮೀಸೆ ತಿರುವಿ ಚಹಾಕ್ಕೆ ಕೂತ. ಸದ್ದು ದೂರವಾಗಿ ಮತ್ತೆ ಹತ್ತಿರ ಬರುವುದನ್ನು ದ್ರೌಪದಿ ಕೇಳುತ್ತಿದ್ದಳು. ಇನ್ನು ಜೀವ ಇರುವತನಕ ಇದೇ ಸದ್ದು. ಹಿಟ್ಟಿನ ಬುಟ್ಟಿಯನ್ನು ಅವಳು ಆಚೆ ಸರಿಸಿದಳು.

ನಡುಹೊಳೆಯಲ್ಲಿ ಸದ್ದು ನಿಂತಿತು.

ಮಿಸ್ತ್ರಿಯ ಚಹಾ ಲುಂಗಿಯ ಮೇಲೆ ಚೆಲ್ಲಿತು. "ಏ ಧರ್ಮಾ! ಮತ್ತೇನಾತೋ? ನಾ ಕೈ ಹಚ್ಚಿದ್ದು ನಿಂದ್ರಂಗಿಲ್ಲೋ!"

ಮಾಸಿದ ಹಾಯಿ ಮಡಿಕೆ ಬಿಚ್ಚುತ್ತ ಮೇಲೇರಿತು. ಇಲಿ ಕೊರೆದ ತೂತುಗಳಲ್ಲಿ ಇಳಿಬಿಸಿಲು ತೂರಿ ಬಂತು. ಆಮೇಲೆ ದನಿ ಬಂತು. ತುಕ್ಕು ಹಿಡಿದ ದನಿ. ಮೊದಲ ಸಾಲಿನ ನಡುವೆಯೇ ಮುರಿಯಿತು, ಕೆಮ್ಮಿತು, ಮತ್ತೆ ಮೊದಲಿನಿಂದ ಎತ್ತಿಕೊಂಡಿತು. ಮೀನು ತಲೆ ಹೊರಹಾಕಲಿಲ್ಲ, ಎಲ್ಲಿಯೂ ತೊಗರಿ ಅರಳಲಿಲ್ಲ. ಎರಡನೆಯ ನುಡಿಗೆ ದ್ರೌಪದಿಯ ಕೈ ಮಾತ್ರ ತಾನಾಗಿ ಹಿಟ್ಟಿಗೆ ಹೋಯಿತು.

"ಗಳಿಗ್ಯಾಗ ಬರಬೇಕಾದಂವ ಹಾಯಿ ಕಟ್ಟ್ಯಾನಲ್ಲ ತಂಗಿ!" ಮಿಸ್ತ್ರಿ ಹಣೆ ಚಚ್ಚಿಕೊಂಡ. "ಗಾಳಿ ಬಿತ್ತಂದ್ರ ನಡುನೀರಾಗೇ ಕುಂದ್ರತಾನ."

ಹಾಡು ಕೇಳಲೆಂದು ದ್ರೌಪದಿ ರೊಟ್ಟಿ ಬಡಿಯುವ ಸದ್ದು ತಗ್ಗಿಸಿದಳು.

"ಬೀಳಲಿ ಅಣ್ಣಾ," ಎಂದಳು. "ಬೀಳಲಿ."