ಇನ್ನೊಂದು ಸಲ

‘ಸಂಗೀತ ಪಾಠ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ.’ ಗೇಟಿನ ಬೋರ್ಡು ಹಳೆಯದು. ದೊಡ್ಡವರ ಉಮೇದು ನಾಲ್ಕೇ ದಿನಕ್ಕೆ ಇಳಿದುಹೋಗುತ್ತದೆಂದು ಕಂಡುಕೊಂಡ ಮೇಲೆ ಟೀಚರು ಬರೆಸಿದ್ದು. ಈಗೀಗ ಅವರಿಗೆ ಮಕ್ಕಳ ಮೇಲೂ ಆಸೆ ಉಳಿದಿರಲಿಲ್ಲ.

ಪ್ರಣತಿಯಂತೂ ಮೂರು ವಾರದಿಂದ ಒಂದೇ ಗೀತೆಯ ಒಂದೇ ಸಾಲಿನಲ್ಲಿ ತಪ್ಪುತ್ತಿದ್ದಳು. ಟೀಚರು ಹಾಡಿ ತೋರಿಸುವುದು, ಅವಳು ತಪ್ಪುವುದು, ಮತ್ತೆ ಹಾಡಿ ತೋರಿಸುವುದು. ಕೂರುವುದೂ ಬಾಗಿಲ ಹತ್ತಿರವೇ. ಸೇರಿಸಲು ಬಂದ ದಿನ ಬೋರ್ಡಿನ ಮುಂದೆ ತುಸು ಹೊತ್ತು ನಿಂತಿದ್ದ ಅವಳಮ್ಮ, ಪಾಠ ಮುಗಿಯುವವರೆಗೆ ಹೊರಗೆ ಚಪ್ಪಲಿಗಳ ಪಕ್ಕದ ಮೆಟ್ಟಿಲ ಮೇಲೆ ಕಾಯುತ್ತಿದ್ದರು.

ಇವತ್ತು ಟೀಚರ ಗಂಟಲು ಕಟ್ಟಿತ್ತು. ಅವರು ಶ್ರುತಿಪೆಟ್ಟಿಗೆ ನಿಲ್ಲಿಸಿದರು.

“ನಿಂಗೆ ಕಲಿಯೋ ಮನಸ್ಸೇ ಇಲ್ಲ ಕಣಮ್ಮ. ನಾಳೆಯಿಂದ ಬರ್ಬೇಡ. ನಿಮ್ಮಮ್ಮಂಗೆ ನಾನೇ ಹೇಳ್ತೀನಿ.”

“ಹೇಳ್ಬೇಡಿ ಟೀಚರ್. ಇನ್ನೊಂದೇ ಒಂದ್ಸಲ ಹಾಡಿ.”

“ಎಷ್ಟೂಂತ ಹಾಡ್ಲಿ? ಹೋಗ್ಲಿ, ಆ ಬಾಗಿಲು ಹಾಕು. ಬೀದಿ ಗಲಾಟೇಲಿ ನಿಂಗೆ ಸರಿಯಾಗಿ ಕೇಳಿಸ್ತಿಲ್ವೋ ಏನೋ.”

ಹುಡುಗಿ ಬಾಗಿಲಿಗೆ ಅಡ್ಡ ಕೂತಳು. “ಬಾಗಿಲು ಹಾಕೋದು ಬೇಡ ಟೀಚರ್.” ಆಮೇಲೆ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಅದೇ ಸಾಲನ್ನು ಒಂದಿಷ್ಟೂ ತಪ್ಪದೆ ಹಾಡಿದಳು.

ಟೀಚರು ಅವಳನ್ನೇ ನೋಡಿದರು. “ಮತ್ತೆ ಇಷ್ಟು ದಿನ?”

“ನಂಗೆ ಮೊದಲ್ನೇ ದಿನಾನೇ ಬಂತು.” ಹುಡುಗಿ ದನಿ ತಗ್ಗಿಸಿದಳು. “ಹೊರಗಡೆ ಅಮ್ಮಂಗೆ ಇನ್ನೂ ಬಂದಿಲ್ಲ.”