ತಳದ ಕಾಯಿ

"ನಮ್ಮ ರಾಹೇಲವ್ವನ್ನ ಕೇಳ್ರಿ. ಯೇಸುಸ್ವಾಮಿ ನಂಬಿದಾಕಿ, ಸತ್ತರೂ ಸುಳ್ಳ ಹೇಳಂಗಿಲ್ಲ" ಎಂದ ಬ್ಯಾಡಗಿಯ ಮೆಣಸಿನಕಾಯಿ ಸಾಹುಕಾರ ರುದ್ರಮುನಿ. ಖರೀದಿಗೆ ಬಂದವನು ಅವಳತ್ತ ತಿರುಗಿದ. "ಹೌದೇನವ್ವಾ? ಈ ಚೀಲದಾಗ ಮ್ಯಾಲಿಂದ ತಳದ ತನಕಾ ಇದೇ ಕಾಯಿ ಐತೇನು?"

ಅವಳ ಜೊತೆ ಕಾಯಿಯ ತೊಟ್ಟು ಮುರಿಯುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತವು. ರಾಹೇಲವ್ವ ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ, ತಲೆ ತಗ್ಗಿಸಿ ಸುಮ್ಮನೆ ಕೂತಿದ್ದರೆ ಸಾಕಿತ್ತು; ಆ ಮೌನವನ್ನೂ ಸಾಹುಕಾರ ಚೀಲದ ಜೊತೆಗೇ ಮಾರಿಕೊಳ್ಳುತ್ತಿದ್ದ. ಅದು ಅವಳಿಗೆ ಸುಳ್ಳಿಗಿಂತ ಹೊಲಸೆನಿಸಿತು. ಎದ್ದವಳೇ ಚೀಲದೊಳಗೆ ತೋಳುಮಟ ಕೈ ಇಳಿಸಿದಳು. ಹೊರಗೆ ಬಂದ ಮುಷ್ಟಿಯಲ್ಲಿ ಬಣ್ಣಗೆಟ್ಟು ಬೂಷ್ಟು ಹಿಡಿದ ಕಾಯಿಗಳಿದ್ದವು.

ಸಾಹುಕಾರ ಸಿಟ್ಟಾಗಲಿಲ್ಲ, ನಕ್ಕ. "ಅಯ್ಯ, ನನಗ ಗೊತ್ತೇ ಇರಲಿಲ್ಲ ನೋಡ್ರಿ! ಖರೇ ಹೇಳಾಕಿ ನೀನು, ರಾಹೇಲವ್ವ. ಹಂಗಾರ ನಿನ್ನೆ ಸಂಜಿಮುಂದ ಈ ಚೀಲ ತುಂಬಿದಾಂವ ಯಾರು ಅನ್ನೂದನ್ನೂ ಎಲ್ಲಾರ ಮುಂದ ಹೇಳಿಬಿಡು. ಪೊಲೀಸರನ್ನ ಕರಸೂಣು."

ಅವಳು ಬಾಗಿಲ ಕಡೆ ನೋಡಿದಳು. ಸಾಹುಕಾರನದೇ ಹುಕುಮಿನಂತೆ ಆ ಚೀಲ ತುಂಬಿದ್ದ ಅವಳ ಗಂಡ ಯೋಹಾನ, ಇನ್ನೊಂದು ಚೀಲದ ಬಾಯಿ ಹೊಲಿಯುತ್ತ ಅಲ್ಲಿ ಕೂತಿದ್ದ. ಅವನ ಕೈಯ ದಬ್ಬಣ ಅರ್ಧ ಹೊಲಿಗೆಯಲ್ಲೇ ನಿಂತಿತ್ತು.